ಲಿಂಕ್ ಏಳ್ತಾ ಇಲ್ವಾ? ಮಾಡ್ಯೂಲಿಗೆ ಬಯ್ಯುವ ಮೊದ್ಲು ಫೈಬರಿನ ಮುಖ ಒರೆಸಿ

ಸರ್ವರ್ ರೂಮಿಂದ ಹೊರಗೆ ಕಾಲಿಟ್ಟ ಕೂಡ್ಲೆ ಕನ್ನಡಕ ಮಂಜಾಗುದು ಮಂಗಳೂರಲ್ಲಿ ಈ ಕೆಲಸ ಮಾಡುವವರಿಗೆಲ್ಲ ಗೊತ್ತುಂಟು, ಒಳಗೆ ಎಸಿ, ಹೊರಗೆ ಜೂನ್ ತಿಂಗಳ ಹಸಿ ಗಾಳಿ. ಅದೇ ಆವಿ ಫೈಬರಿನ ತುದಿಗೂ ಕೂರ್ತದೆ ಅಂತ ನನ್ನ ತಲೆಗೆ ಹೋಗ್ಲಿಕ್ಕೆ ಒಂದು ಇಡೀ ಶನಿವಾರ ಬೇಕಾಯ್ತು ಮಾರಾಯ್ರೆ. ಎರಡು ರ‍್ಯಾಕ್ ನಡುವೆ ಫೈಬರಲ್ಲಿ 100ಜಿ (ಸೆಕೆಂಡಿಗೆ 100 ಗಿಗಾಬಿಟ್) ಲಿಂಕ್ ಹಾಕ್ಲಿಕ್ಕಿತ್ತು, ಏಳ್ಲಿಲ್ಲ, ಮೂರು ಸಲ ಮಾಡ್ಯೂಲ್ (ಸ್ವಿಚ್ಚಿಗೆ ಚುಚ್ಚಿ ಸಿಗ್ನಲನ್ನು ಬೆಳಕು ಮಾಡುವ ತುಂಡು) ಬದಲಾಯಿಸಿದೆ, ಕೊಟ್ಟವನಿಗೆ ಫೋನ್ ಮಾಡಿ ಜೋರು ಮಾಡಿದೆ. ಮಾಡ್ಯೂಲ್ ಮೂರೂ ಸರಿ ಇತ್ತು. ಹಾಗಾಗಿ ಈಗ ನಾನು ಮಾಡುವ ಕ್ರಮ ಹೇಳ್ತೇನೆ.

ಮೊದ್ಲು ದೂರ ಅಳೆಯಿರಿ. ಎಸ್ಆರ್ (ಶಾರ್ಟ್ ರೀಚ್) ಮಾಡ್ಯೂಲ್ ಅಂದ್ರೆ ಹತ್ತಿರದ ಓಟಕ್ಕೆ ಮಾತ್ರ. 10ಜಿ ಎಸ್ಆರ್ ಒಎಂ3 ಫೈಬರಲ್ಲಿ 300 ಮೀಟರ್ ಹೋಗ್ತದೆ, ಒಎಂ4ರಲ್ಲಿ 400 (ಎರಡೂ ದಪ್ಪ ದಾರಿಯ ಮಲ್ಟಿಮೋಡ್ ಫೈಬರಿನ ದರ್ಜೆಗಳು). ಆದ್ರೆ 100ಜಿ ಎಸ್ಆರ್4ಗೆ (ನಾಲ್ಕು ಲೇನ್, ಅಂದ್ರೆ ನಾಲ್ಕು ದಾರಿಯಲ್ಲಿ ಹಂಚಿ ಕಳಿಸುದು) ಬಂದ್ರೆ ಒಎಂ3ರಲ್ಲಿ 70, ಒಎಂ4ರಲ್ಲಿ 100, ಅಷ್ಟೇ. ಎದುರಿನ ರ‍್ಯಾಕ್ ಕಣ್ಣಿಗೆ ಹತ್ತು ಹೆಜ್ಜೆ ಕಂಡ್ರೂ ಕೇಬಲ್ ಮೇಲೆ ಟ್ರೇಗೆ ಹತ್ತಿ ಸುತ್ತು ಹಾಕಿ ಇಳಿಯುದು, ಆ ಲೆಕ್ಕ ಹಿಡೀರಿ.

ಆಮೇಲೆ ಬಣ್ಣ. ಒಎಂ3, ಒಎಂ4 ಸಾಮಾನ್ಯವಾಗಿ ಆಕ್ವಾ, ಕ್ಯಾಲೆಂಡರಲ್ಲಿ ಸಮುದ್ರಕ್ಕೆ ಹಾಕ್ತಾರಲ್ಲ ಆ ಬಣ್ಣ (ಮಳೆಗಾಲದ ಪಣಂಬೂರು ಸಮುದ್ರದ ಬಣ್ಣ ಅಲ್ಲ). ಹಳದಿ ಇದ್ರೆ ಅದು ಸಿಂಗಲ್ ಮೋಡ್, ಒಳಗಿನ ದಾರಿ ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ನಮ್ಮ ಮಲ್ಟಿಮೋಡಿಗೆ 50. ಎಸ್ಆರ್ ಮಾಡ್ಯೂಲಿಗೆ ಹಳದಿ ಚುಚ್ಚಿದ್ರೆ ಬೆಳಕಿನ ಹೆಚ್ಚು ಪಾಲು ಹೊರಗೇ ಉಳೀತದೆ.

ಎಸ್ಆರ್4ಗೆ ಬೇಕಾದ್ದು ಎಂಪಿಒ ಕೇಬಲ್. 12 ಎಳೆ ಸಾಲಾಗಿ ಇರ್ತದೆ, ಒಂದು ಬದಿಯ ನಾಲ್ಕರಲ್ಲಿ ಕಳಿಸುದು, ಇನ್ನೊಂದು ಬದಿಯ ನಾಲ್ಕರಲ್ಲಿ ತಗೊಳ್ಳುದು, ನಡುವಿನ ನಾಲ್ಕು ಸುಮ್ಮನೆ ಕೂತಿರ್ತವೆ. ಮಾಡ್ಯೂಲಿನ ಒಳಗೇ ಎರಡು ಸಣ್ಣ ಪಿನ್ ಉಂಟು, ಹಾಗಾಗಿ ಕೇಬಲಿನ ಎರಡೂ ತುದಿ ಪಿನ್ ಇಲ್ಲದ್ದು, ಅಂದ್ರೆ ಫೀಮೇಲ್ ಆಗ್ಬೇಕು. ನೇರ ಒಂದೇ ಕೇಬಲ್ ಹಾಕುದಾದ್ರೆ ಟೈಪ್ ಬಿ (ಆಚೆ ತುದಿಯಲ್ಲಿ ಎಳೆಗಳ ಕ್ರಮ ತಿರುಗಿಸಿದ್ದು) ಕೇಳಿ ತಗೊಳ್ಳಿ, ಇಲ್ಲದಿದ್ರೆ ಆಚೆಯವ ಮಾತಾಡುದು ಈಚೆಯವನ ಬಾಯಿಗೆ ಹೋಗ್ತದೆ, ಕಿವಿಗಲ್ಲ.

ಈಗ ಮುಖ್ಯ ವಿಷಯ, ಒರೆಸುದು. 50 ಮೈಕ್ರಾನ್ ಅಂದ್ರೆ ತಲೆಕೂದಲಿಗಿಂತ ಸಪೂರ, ಅದರ ಮೇಲೆ ನಮ್ಮೂರಿನ ಕೆಂಪು ಧೂಳಿನ ಒಂದು ಕಣ ಕೂತ್ರೆ ಸಾಕು. ಅಂಗಿಯ ತುದಿಯಲ್ಲಿ ಒರೆಸ್ಬೇಡಿ, ಬಾಯಲ್ಲಿ ಊದ್ಬೇಡಿ, ಎಂಜಲಿನ ಹನಿ ಹಾರಿ ಇನ್ನೂ ಕೆಟ್ಟದಾಗ್ತದೆ. ಎಂಪಿಒಗೆ ಅಂತಲೇ ಬರುವ ಒನ್ ಕ್ಲಿಕ್ ಕ್ಲೀನರ್ ತಗೊಂಡು ಟಿಕ್ ಅನ್ನುವವರೆಗೆ ಒತ್ತಿ, ಕೇಬಲಿಗೂ ಮಾಡ್ಯೂಲಿಗೂ, ಹೊಸತಾದ್ರೂ ಸಹ. ಎಸಿ ರೂಮಲ್ಲಿ ತಣ್ಣಗಿದ್ದದ್ದನ್ನು ಹೊರಗೆ ವರಾಂಡಕ್ಕೆ ತಂದು ಮುಚ್ಚಳ ತೆಗೀಬೇಡಿ, ನಾನು ಮಾಡಿದ ತಪ್ಪು ಅದೇ. ಬೆಳಕು ಬರ್ತದಾ ಅಂತ ಕಣ್ಣಿಟ್ಟೂ ನೋಡ್ಬೇಡಿ, 850 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣುದಿಲ್ಲ.

ಚುಚ್ಚಿದ ಮೇಲೂ ಏಳದಿದ್ರೆ ಎರಡೂ ಸ್ವಿಚ್ಚಲ್ಲಿ ಎಫ್ಇಸಿ, ಅಂದ್ರೆ ದಾರಿಯಲ್ಲಾದ ತಪ್ಪು ತಿದ್ದುವ ವ್ಯವಸ್ಥೆ, ನೋಡಿ. 100ಜಿ ಎಸ್ಆರ್4ಗೆ ಆರ್‌ಎಸ್-ಎಫ್ಇಸಿ ಅನ್ನುವ ಬಗೆ ಬೇಕೇ ಬೇಕು, ಒಂದು ಕಡೆ ಆನ್ ಇನ್ನೊಂದು ಕಡೆ ಆಫ್ ಇದ್ರೆ ಎಂತ ಒರೆಸಿದ್ರೂ ಆಗ್ಲಿಕ್ಕಿಲ್ಲ.

ಕಡೆಗೆ ಸ್ವಿಚ್ಚಲ್ಲಿ ಡಿಒಎಂ ಓದಿ, ಅಂದ್ರೆ ಮಾಡ್ಯೂಲ್ ತಾನೇ ಹೇಳುವ ಬೆಳಕಿನ ಲೆಕ್ಕ. ನಾಲ್ಕು ಲೇನಿಗೆ ನಾಲ್ಕು ಆರ್‌ಎಕ್ಸ್ ಪವರ್ (ಒಳಗೆ ಬರುವ ಬೆಳಕು, ಡಿಬಿಎಂ ಅಳತೆಯಲ್ಲಿ) ಕಾಣ್ತದೆ. ಪ್ರತಿ 3 ಡಿಬಿ ಇಳಿದ್ರೆ ಬೆಳಕು ಅರ್ಧ. ಎಸ್ಆರ್4ರ ಒಂದು ಲೇನಿಗೆ ಮೈನಸ್ 10.3 ಡಿಬಿಎಂಗಿಂತ ಕೆಳಗೆ ಹೋದ್ರೆ ಆಗುದಿಲ್ಲ. ನಾಲ್ಕೂ ಮೈನಸ್ 40ರ ಹತ್ತಿರ ಇದ್ರೆ ಕೇಬಲ್ ತಪ್ಪು ಇಲ್ಲ ಆಚೆ ತುದಿ ಆಫ್, ಮೂರು ಚೆಂದ ಇದ್ದು ಒಂದು ಮಾತ್ರ ಬಿದ್ದಿದ್ರೆ ಆ ಒಂದು ಎಳೆಯ ಮೇಲೆ ಕೊಳೆ ಅಂತ ಹೆಚ್ಚು ಕಮ್ಮಿ ಗ್ಯಾರಂಟಿ. ನಂದು 1, 2, 4ನೇ ಲೇನ್ ಮೈನಸ್ 2ರ ಸುತ್ತ, 3ನೇದು ಮಾತ್ರ ಮೈನಸ್ 13. ಎರಡು ಸಲ ಟಿಕ್ ಟಿಕ್ ಮಾಡಿ ಮತ್ತೆ ಚುಚ್ಚಿದೆ, ಅದೂ ಮೈನಸ್ 2ಕ್ಕೆ ಬಂತು, ಪೋರ್ಟಿನ ಲೈಟ್ ಹಸಿರಾಯ್ತು. ಗಂಟೆ ಆಗ ಏಳೂವರೆ, ಹಂಪನಕಟ್ಟೆಯಿಂದ ನನ್ನ ಬಸ್ಸು ಹೋಗಿಯಾಗಿತ್ತು.