ಲೋಕಲ್ ರೈಲಿನಲ್ಲಿ ಬರೆದ ನೆಲಮಾಳಿಗೆಯ ನಕ್ಷೆ

ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ, ಮುಂಬೈಯ ಕೊನೆಯ ನಿಲ್ದಾಣ ಸಿಎಸ್‌ಎಂಟಿ ತಲುಪುವವರೆಗಿನ ಸುಮಾರು ಒಂದೂಕಾಲು ಗಂಟೆ ಪೂರ್ತಿ ನನ್ನದು. ಕಳೆದ ಮಳೆಗಾಲದಿಂದ ಆ ಹೊತ್ತಿನಲ್ಲಿ ನಾನು ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ ಆಡುತ್ತಿದ್ದೇನೆ. ಫಿನ್ಲೆಂಡಿನ ‘ಆಲ್ಮೋಸ್ಟ್ ಹ್ಯೂಮನ್’ ಎಂಬ ಸಣ್ಣ ತಂಡವು 2012ರಲ್ಲಿ ಕಂಪ್ಯೂಟರಿಗೆಂದು ಸಿದ್ಧಪಡಿಸಿದ ಈ ಆಟ 2015ರಲ್ಲಿ ಆ್ಯಪಲ್ ಫೋನುಗಳ ಐಒಎಸ್‌ಗೂ ಬಂದಿತು. ಮಗಳು ಹೊಸ ಫೋನ್ ಕೊಂಡಾಗ ನನ್ನ ಪಾಲಿಗೆ ಬಂದ ಹಳೆಯ ಐಫೋನಿನಲ್ಲಿ ಅದು ತಕರಾರಿಲ್ಲದೆ ನಡೆಯುತ್ತದೆ.

ನಾಲ್ವರು ಕೈದಿಗಳನ್ನು ಬೆಟ್ಟದ ತುದಿಯಿಂದ ಒಳಕ್ಕೆ ದೂಡಲಾಗುತ್ತದೆ. ಹೊರದಾರಿ ಹುಡುಕುತ್ತ ಅವರು ಅಂತಸ್ತಿನಿಂದ ಅಂತಸ್ತಿಗೆ ಇಳಿಯಬೇಕು. ಎಲ್ಲವೂ ಅವರ ಕಣ್ಣಿನಿಂದಲೇ ಕಾಣುತ್ತದೆ. ನಡಿಗೆ ಮಾತ್ರ ಚದುರಂಗದ ಮಣೆಯ ಮೇಲಿನಂತೆ ಒಂದೊಂದೇ ಚೌಕ, ತಿರುಗಿದರೆ ಸರಿಯಾಗಿ ಕಾಲು ಸುತ್ತು. ಆದರೆ ಚದುರಂಗದಂತೆ ಇಲ್ಲಿ ಎದುರಾಳಿ ನಮ್ಮ ಸರದಿಗೆ ಕಾಯುವುದಿಲ್ಲ. ನಾವು ಯೋಚಿಸುತ್ತ ನಿಂತಿದ್ದಾಗಲೇ ಅಸ್ಥಿಪಂಜರವು ಈಟಿ ಹಿಡಿದು ಹತ್ತಿರ ಬಂದಿರುತ್ತದೆ. 1987ರಲ್ಲಿ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರಿಗೆ ಬಂದ ‘ಡಂಜನ್ ಮಾಸ್ಟರ್’ ಆಟ ಹಾಕಿಕೊಟ್ಟ ಪದ್ಧತಿಯಿದು. ಅದಕ್ಕೂ ಹಿಂದೆ, 1981ರ ‘ವಿಝರ್ಡ್ರಿ’ ಆಟದ ಕಾಲದಲ್ಲಿ, ಆಡುವವರು ಗ್ರಾಫ್ ಕಾಗದದ ಮೇಲೆ ದಾರಿಯನ್ನು ತಾವೇ ಬರೆದುಕೊಳ್ಳುತ್ತಿದ್ದರು. ಗ್ರಿಮ್‌ರಾಕ್ ತಾನೇ ನಕ್ಷೆ ಬರೆದು ತೋರಿಸುತ್ತದೆ. ಮೊದಲ ವಾರ ನಾನೂ ಅದನ್ನೇ ನಂಬಿ ಆಡಿದೆ. ಆದರೆ ಕುರ್ಲಾದಲ್ಲಿ ನೂಕುನುಗ್ಗಲಾಗಿ ಫೋನನ್ನು ಜೇಬಿಗಿಳಿಸಿ ಮರುದಿನ ತೆರೆದರೆ, ನಕ್ಷೆ ಕಣ್ಣೆದುರೇ ಇದ್ದರೂ ನಾನು ಯಾವ ಬಾಗಿಲಿಗಾಗಿ ಯಾವ ಕೀಲಿಕೈ ಹುಡುಕುತ್ತಿದ್ದೆ ಎಂಬುದೇ ನೆನಪಿರುತ್ತಿರಲಿಲ್ಲ. ಹೀಗಾಗಿ ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ, ಮಕ್ಕಳು ಲೆಕ್ಕ ಬರೆಯುವ ಚೌಕಳಿ ಗೆರೆಯ ಪುಸ್ತಕವೊಂದನ್ನು ಕೊಂಡು, ಆಟದ ನಕ್ಷೆಯನ್ನು ತೆರೆಯುವುದನ್ನೇ ಬಿಟ್ಟೆ.

ಮೊದಲ ಪುಟ ಹಾಳಾಯಿತು. ಆರಂಭದ ಚೌಕವನ್ನು ಪುಟದ ನಡುವೆ ಗುರುತಿಸಿ ಹೊರಟವನಿಗೆ ಎರಡನೆಯ ದಿನವೇ ದಾರಿ ಕಾಗದದ ಅಂಚು ದಾಟಿ ಹೋಯಿತು. ಪ್ರತಿ ಅಂತಸ್ತೂ 32ಕ್ಕೆ 32 ಚೌಕಗಳ ಮಣೆ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಎದುರುಬದುರಿನ ಎರಡು ಪುಟಗಳನ್ನು ಸೇರಿಸಿ, ಆ ಅಳತೆಯ ಚೌಕಟ್ಟನ್ನು ಮನೆಯಲ್ಲೇ ಎಳೆದುಕೊಂಡು ಬರುತ್ತೇನೆ. ಗೋಡೆಗೆ ದಪ್ಪ ಗೆರೆ, ಬಾಗಿಲಿಗೆ ಅಡ್ಡಗೀಟು, ತುಳಿದರೆ ಕೆಲಸ ಮಾಡುವ ಹಾಸುಗಲ್ಲಿಗೆ ಸೊನ್ನೆ, ಹಳ್ಳಕ್ಕೆ ಕತ್ತರಿ ಗುರುತು; ಇನ್ನೂ ಹೋಗದೆ ಬಿಟ್ಟ ದಾರಿಗೆ ಕೆಂಪು ಚುಕ್ಕೆ. ಈ ಕೆಂಪು ಚುಕ್ಕೆಯೇ ಇಡೀ ಪುಸ್ತಕದ ಜೀವ. ಬೆಳಿಗ್ಗೆ ಕುಳಿತೊಡನೆ ಅದನ್ನು ನೋಡಿದರೆ ನಿನ್ನೆಯ ಕೆಲಸ ಎಲ್ಲಿ ನಿಂತಿತೆಂದು ಗೊತ್ತಾಗುತ್ತದೆ. ಇನ್ನೊಂದು ನಿಯಮವನ್ನು ಪೆಟ್ಟು ತಿಂದೇ ಕಲಿತೆ: ತಿರುಗುವ ಮೊದಲು ಬರೆಯಬೇಕು, ತಿರುಗಿದ ಮೇಲಲ್ಲ. ದಾದರಿನಲ್ಲಿ ಇಳಿಯುವವರಿಗೆ ದಾರಿ ಬಿಡಲು ಮಗ್ಗುಲಾದಾಗ ಹೆಬ್ಬೆರಳು ಬಾಣದ ಗುಂಡಿಗೆ ತಾಗಿ ಪಾತ್ರಗಳು ಎಡಕ್ಕೆ ತಿರುಗಿದ್ದವು. ಅದನ್ನು ಗಮನಿಸದೆ ನಾನು ಒಂದಿಡೀ ಓಣಿಯನ್ನು ಉತ್ತರದ ಬದಲು ಪೂರ್ವಕ್ಕೆ ಬರೆದು, ಎರಡು ದಿನ ಅಳಿಸುತ್ತ ಕುಳಿತೆ.

ಎದುರಿಗೆ ಕೂರುವ ಮಂಗಳೂರು ಕಡೆಯ ಹಿರಿಯರೊಬ್ಬರು ಇದನ್ನೆಲ್ಲ ನೋಡಿ, “ಏನು ಮಾರಾಯ್ರೆ, ಫ್ಲ್ಯಾಟಿನ ಪ್ಲಾನಾ? ಬಾತ್‌ರೂಮ್ ಎಲ್ಲಿ?” ಎಂದು ಕೇಳಿದ್ದರು. ಅವರ ಪ್ರಶ್ನೆಯೇ ನನಗೆ ದಾರಿ ತೋರಿಸಿತು ಎನ್ನಬಹುದು. ಅವರ ಬೆರಳು ನಿಂತದ್ದು ಸುತ್ತಲೂ ಓಣಿಗಳಿದ್ದು ನಡುವೆ ಮಾತ್ರ ಖಾಲಿ ಉಳಿದ ನಾಲ್ಕು ಚೌಕಗಳ ಮೇಲೆ. ಕಟ್ಟಡ ಕಟ್ಟುವವನು ಸುಮ್ಮನೆ ಜಾಗ ಬಿಡುವುದಿಲ್ಲವೆಂಬ ತರ್ಕದಿಂದ ಆ ನಾಲ್ಕೂ ಕಡೆಯ ಗೋಡೆಗಳ ಮುಂದೆ ಒಂದೊಂದಾಗಿ ನಿಂತು ನೋಡಿದೆ. ಮೂರನೆಯದರಲ್ಲಿ ಒಂದು ಕಲ್ಲಿನ ಮೇಲೆ ಕಾಳಿನಷ್ಟು ಉಬ್ಬಿದ ಗುಂಡಿಯಿತ್ತು. ಒತ್ತಿದೆ, ಗೋಡೆ ಸರಿಯಿತು. ಓಡೋಡುತ್ತ ಹೋಗುವವರಿಗೆ ಈ ಗುಂಡಿ ಕಾಣುವುದು ಬಹಳ ಕಷ್ಟ, ಅದರಲ್ಲೂ ಅಂಗೈಯಗಲದ ತೆರೆಯಲ್ಲಿ.

ಫೋನಿನಲ್ಲಿ ನಿಜಕ್ಕೂ ತೊಂದರೆ ಕೊಡುವುದು ಕಾಳಗ. ಎರಡು ಚೌಕ ಅಗಲ, ಎರಡು ಚೌಕ ಉದ್ದದ ಜಾಗವಿದ್ದರೆ ಪ್ರಾಣಿಯ ಪಕ್ಕಕ್ಕೆ ಸರಿದು, ಅದು ನಮ್ಮತ್ತ ತಿರುಗುವಷ್ಟರಲ್ಲಿ ಒಂದು ಏಟು ಹಾಕಿ, ಮತ್ತೆ ಪಕ್ಕಕ್ಕೆ ಸರಿಯುವ ಹಳೆಯ ಉಪಾಯವೊಂದಿದೆ. ಕಂಪ್ಯೂಟರಿನಲ್ಲಿ ಇದು ಸಲೀಸು; ಇಲ್ಲಿ ಎಡ ಹೆಬ್ಬೆರಳು ನಡೆಸಬೇಕು, ಬಲ ಹೆಬ್ಬೆರಳು ಹೊಡೆಯಬೇಕು, ರೈಲು ಅಲುಗಾಡಿದಾಗ ಎರಡೂ ತಪ್ಪುತ್ತವೆ. ಮಂತ್ರವಾದಿಯಂತೂ ಒಂಬತ್ತು ಚಿಹ್ನೆಗಳ ಫಲಕದಿಂದ ಆರಿಸಿ ಒತ್ತಬೇಕು. ಹಾಗಾಗಿ ಅವನಿಗೆ ಒಂದೇ ಚಿಹ್ನೆಯ ಬೆಂಕಿಯ ಮಂತ್ರವನ್ನಷ್ಟೇ ಕೆಲಸಕ್ಕೆ ಹಚ್ಚಿ, ಹಿಂದಿನ ಸಾಲಿನ ಇನ್ನೊಬ್ಬನ ಕೈಗೆ ಕಲ್ಲು, ಚೂರಿಗಳನ್ನು ಕೊಟ್ಟೆ. ಎಸೆದದ್ದನ್ನು ಆಮೇಲೆ ಹೆಕ್ಕಿಕೊಳ್ಳಬೇಕು ಎಂಬುದೊಂದೇ ರಗಳೆ. ದೈತ್ಯರು ಬಂದಾಗ ಕದನವನ್ನು ಓಣಿಯಲ್ಲಿ ನಡೆಸದೆ, ನಕ್ಷೆ ನೋಡಿ ಹತ್ತಿರದ ತೆರೆದ ಕೋಣೆಗೆ ಹಿಂದೆ ಸರಿಯುತ್ತೇನೆ. ಪುಸ್ತಕ ಇಲ್ಲಿಯೂ ಉಪಯೋಗಕ್ಕೆ ಬಂತು.

ಊಟದ ವಿಷಯ ಹೇಳಲು ಸ್ವಲ್ಪ ಸಂಕೋಚ. ಪಾತ್ರಗಳಿಗೆ ಹಸಿವಾಗುತ್ತದೆ, ಮೇಲಿನ ಅಂತಸ್ತಿನಲ್ಲಿ ಸಿಗುವುದು ಬಹುಮಟ್ಟಿಗೆ ಬಸವನಹುಳುವಿನ ತುಂಡು. ಮನೆಯಲ್ಲಿ ಮೊಟ್ಟೆಯನ್ನೂ ತಾರದ ನಾನು ಗೂಳಿಮೊಗದ ಯೋಧನಿಗೆ ಅದನ್ನು ತಿನ್ನಿಸುತ್ತೇನೆ. ಅವನಿಗೆ ಉಳಿದವರಿಗಿಂತ ಹಸಿವು ಹೆಚ್ಚು. ಪಂಜುಗಳೂ ಉರಿದು ಮುಗಿಯುತ್ತವೆ. ಕತ್ತಲೆಯ ಈ ಆಟಕ್ಕೆ ಬಿಸಿಲು ಬೀಳುವ ಕಿಟಕಿ ಶತ್ರು: ತೆರೆಯ ಬೆಳಕನ್ನು ಪೂರ್ತಿ ಏರಿಸಬೇಕಾಗುತ್ತದೆ, ಆಗ ಬ್ಯಾಟರಿ ಕರಗುತ್ತದೆ. ಆದ್ದರಿಂದ ಬೆಳಿಗ್ಗೆ ಬಿಸಿಲು ಬೀಳದ ಬದಿಯಲ್ಲೇ ಕೂರುತ್ತೇನೆ.

ಮಸ್ಜಿದ್ ನಿಲ್ದಾಣ ಬಂದೊಡನೆ, ಕಾಳಗದ ನಡುವೆ ಇದ್ದರೂ ಓಡಿಹೋಗಿ, ಸೇವ್ ಮಾಡಿ ಪುಸ್ತಕ ಮುಚ್ಚುತ್ತೇನೆ. ಈಗ ಐದನೆಯ ಅಂತಸ್ತಿನಲ್ಲಿದ್ದೇನೆ. ಆ ಪುಟದಲ್ಲಿ ಮೂರು ಕೆಂಪು ಚುಕ್ಕೆಗಳೂ ಒಂದು ಖಾಲಿ ಜಾಗವೂ ಉಳಿದಿವೆ. ಆ ಜಾಗದ ಸುತ್ತಲಿನ ಗೋಡೆಗಳಲ್ಲಿ ಎರಡನ್ನು ನಿನ್ನೆ ನೋಡಿ ಮುಗಿಸಿದೆ.