ಅಡಿಸ್ ಅಬಾಬಾ: ಬುಧವಾರ ಊಟ, ಗಡಿಯಾರದ ಎದುರು ಅಂಕಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಎಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾದ ಬೋಲೆ ವಿಮಾನ ನಿಲ್ದಾಣದ ರನ್‌ವೇ ಇರುವುದೇ 2,300 ಮೀಟರ್‌ಗಿಂತ ಮೇಲೆ. ಈ ಊರಿಗೆ ಪ್ರವಾಸ ಹೊಂದಿಸುವಾಗ ನಾನು ಮೊದಲು ಲೆಕ್ಕಕ್ಕೆ ಹಿಡಿಯುವುದು ಇದನ್ನು. ಮೊದಲ ದಿನ ಎರಡು ಮಹಡಿ ಹತ್ತಿದರೂ ಏದುಸಿರು ಬರುತ್ತದೆ, ತಲೆ ಭಾರವಾಗುತ್ತದೆ. ನೀರು ಹೆಚ್ಚು ಕುಡಿಯಿರಿ, ಮದ್ಯ ಬೇಡ, ಬೆಟ್ಟ ಹತ್ತುವ ಕೆಲಸವನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ. ಎತ್ತರದಿಂದ ಲಾಭವೂ ಇದೆ: ಊರಿನೊಳಗೆ ಮಲೇರಿಯಾ ಭಯವಿಲ್ಲ. ಅಕ್ಟೋಬರ್‌ನಿಂದ ಜನವರಿವರೆಗೆ ಆಕಾಶ ತಿಳಿಯಾಗಿರುತ್ತದೆ. ರಾತ್ರಿಗೆ ಸ್ವೆಟರ್ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಜೊತೆಗೆ ಆಲಿಕಲ್ಲು.

ಹೊರಡುವ ಮುಂಚೆ ಹಲವರು ಮರೆಯುವುದು ಹಳದಿ ಜ್ವರದ ಲಸಿಕೆ. ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿ ಎಥಿಯೋಪಿಯ ಇದೆ. ಹಾಗಾಗಿ ಅಲ್ಲಿ ಯಾರೂ ಕೇಳದಿದ್ದರೂ ವಾಪಸು ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಪ್ರಮಾಣಪತ್ರ ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಾನ್ಯತೆ ಪಡೆದ ಕೇಂದ್ರದಲ್ಲಿ ಒಂದೇ ಚುಚ್ಚುಮದ್ದು ಸಾಕು, ಅದು ಜೀವನಪೂರ್ತಿ ನಡೆಯುತ್ತದೆ. ಆದರೆ ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಪತ್ರಕ್ಕೆ ಬೆಲೆ, ಕೊನೆಯ ವಾರಕ್ಕೆ ಬಿಟ್ಟುಕೊಳ್ಳಬೇಡಿ. ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಡ್ರೋನ್ ಮತ್ತು ಬೈನಾಕ್ಯುಲರ್ ಮನೆಯಲ್ಲೇ ಇರಲಿ, ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳುತ್ತಾರೆ. ನಮ್ಮ ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಕೂರುತ್ತದೆ, ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ.

ಇನ್ನು ಗಡಿಯಾರ. ಎಡವುವುದೆಲ್ಲ ಇಲ್ಲೇ. ಎಥಿಯೋಪಿಯದಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಬೆಳಕು ಹರಿದಾಗ. ನಮ್ಮ ಬೆಳಗಿನ 6 ಅವರಿಗೆ 12, ನಮ್ಮ 7 ಅವರಿಗೆ 1. ಸೂರ್ಯೋದಯದಿಂದ ಘಳಿಗೆ ಎಣಿಸುವ ಪಂಚಾಂಗ ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಮುಳ್ಳಿನ ಗಡಿಯಾರ ಕಟ್ಟಿಕೊಂಡರೆ ಲೆಕ್ಕವೂ ಬೇಡ: ಅವರು ಹೇಳಿದ ಅಂಕಿಯ ನೇರ ಎದುರಿನ ಅಂಕಿಯೇ ನಮ್ಮ ಗಂಟೆ. ಡ್ರೈವರ್ ‘ಸೊಸ್ತ್ ಸಆತ್’ ಅಂದರೆ ಮೂರು ಗಂಟೆ, ಮೂರರ ಎದುರು ಒಂಬತ್ತು, ಬೆಳಗ್ಗೆ ಒಂಬತ್ತಕ್ಕೆ ಬರುತ್ತಾನೆ. ನಿಜವಾದ ತೊಡಕು ಬೇರೆಯೇ ಇದೆ. ಇಂಗ್ಲಿಷ್ ಬಲ್ಲವರು ಕೆಲವೊಮ್ಮೆ ನಮಗಾಗಿ ಮೊದಲೇ ಬದಲಿಸಿ ಹೇಳುತ್ತಾರೆ, ಕೆಲವೊಮ್ಮೆ ಹಾಗೇ ಹೇಳುತ್ತಾರೆ. ಬದಲಿಸಿದ್ದನ್ನೇ ನಾವು ಮತ್ತೆ ಬದಲಿಸಿದರೆ ಆರು ಗಂಟೆ ತಪ್ಪುತ್ತೇವೆ. ಅದಕ್ಕೆ ಪ್ರತಿ ಸಲ ‘ಬೆ ಫೆರೆಂಜ್? ಬೆ ಹಬೆಷಾ?’ ಎಂದು ಕೇಳಿ. ವಿದೇಶಿ ಲೆಕ್ಕವೋ ನಿಮ್ಮ ಲೆಕ್ಕವೋ ಎಂದರ್ಥ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ವರ್ಷವೂ ನಮ್ಮದಕ್ಕಿಂತ 7-8 ಹಿಂದೆ, ತಿಂಗಳು 13. ರಸೀದಿಯ ತಾರೀಖು ನೋಡಿ ಗಾಬರಿಯಾಗಬೇಡಿ.

ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆಯ ಆಫ್ರಿಕನ್ ರಾಜಧಾನಿ ನಾನು ಕಂಡಿಲ್ಲ. ಕಾರಣ ಆರ್ಥಡಾಕ್ಸ್ ಚರ್ಚಿನ ಉಪವಾಸ. ಬುಧವಾರ ಮತ್ತು ಶುಕ್ರವಾರ, ಅದರ ಮೇಲೆ ಈಸ್ಟರ್‌ಗೆ ಮುಂಚಿನ 55 ದಿನ, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದ್ದರಿಂದ ನಾಲ್ಕು ದಿನದ ಪ್ರವಾಸವನ್ನು ಬುಧವಾರದಿಂದ ಶನಿವಾರಕ್ಕೆ ಹೊಂದಿಸಿ. ‘ಯೆ ಸೋಮ್ ಬೆಯಾಯ್ನೆತು’ ಎಂದು ಕೇಳಿದರೆ ದೊಡ್ಡ ತಟ್ಟೆಯಗಲದ ಇಂಜೆರಾ ಬರುತ್ತದೆ. ಅದರ ಮೇಲೆ ಕೆಂಪು ಮಸೂರ್ ಬೇಳೆಯ ಮಿಸಿರ್ ವತ್, ಅರಿಶಿನ ಹಾಕಿದ ಬಟಾಣಿ ಬೇಳೆಯ ಕಿಕ್ ಅಲಿಚಾ, ಸೊಪ್ಪಿನ ಪಲ್ಯದಂಥ ಗೋಮೆನ್, ಕಡಲೆ ಹಿಟ್ಟು ಕುದಿಸಿದ ಶಿರೋ. ಇಂಜೆರಾ ಎಂದರೆ ಟೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು-ಮೂರು ದಿನ ಹುದುಗಿಸಿ ಒಂದೇ ಮಗ್ಗುಲು ಬೇಯಿಸಿದ್ದು. ಮೇಲ್ಭಾಗದಲ್ಲಿ ಸೆಟ್ ದೋಸೆಯಂತೆ ಕಣ್ಣು ಕಣ್ಣಾಗಿ ತೂತುಗಳು. ಹುಳಿ ಮಾತ್ರ ನಮ್ಮ ದೋಸೆಗಿಂತ ಜಾಸ್ತಿ. ಕಣ್ಣಿರುವ ಮಗ್ಗುಲು ಸಾರನ್ನು ಹೀರುತ್ತದೆ, ಹಾಗಾಗಿ ಹೊರ ಅಂಚಿನಿಂದ ಹರಿದು, ನಡುವಿನ ನೆನೆದ ಭಾಗವನ್ನು ಕೊನೆಗೆ ಉಳಿಸಿಕೊಳ್ಳಿ. ಬಲಗೈಯಲ್ಲೇ ಊಟ. ಮೊದಲ ರಾತ್ರಿ ಹೊಟ್ಟೆತುಂಬ ತಿಂದರೆ ಉಬ್ಬರಿಸುತ್ತದೆ, ಅರ್ಧಕ್ಕೆ ನಿಲ್ಲಿಸಿ.

ಎರಡು ಎಚ್ಚರಿಕೆ. ಉಪವಾಸದ ಅಡುಗೆಯಲ್ಲೂ ಕೆಲವೆಡೆ ಮೀನು ನಡೆಯುತ್ತದೆ, ‘ಆಸಾ’ ಎಂಬ ಪದ ಗುರುತಿಟ್ಟುಕೊಳ್ಳಿ. ಬೇರೆ ದಿನಗಳಲ್ಲಿ ಶಿರೋ ಕೇಳುವಾಗ ‘ಬೋಝೆನಾ’ ಬೇಡ ಎನ್ನಿ, ಅದರಲ್ಲಿ ಮಾಂಸದ ಚೂರು ಇರುತ್ತದೆ. ಅಂದಹಾಗೆ ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಇದೇ ಎತ್ತರದ ಸೀಮೆ. ಅಲ್ಲಿ ಅದರ ಹೆಸರು ದಗುಸ್ಸಾ. ಸಂತೆಯಲ್ಲಿ ಆ ಕೆಂಪು ಕಾಳಿನ ರಾಶಿ ಕಂಡಾಗ ಮಂಡ್ಯ, ಕೋಲಾರದವರ ಕೈ ತಾನಾಗಿ ಚೀಲಕ್ಕೆ ಇಳಿಯುತ್ತದೆ.

ನೋಡುವ ಕ್ರಮ ಹೀಗಿರಲಿ. ಮೊದಲ ದಿನ ಅರಾತ್ ಕಿಲೋ ಮತ್ತು ಸಿದಿಸ್ತ್ ಕಿಲೋ ಎಂಬ ವೃತ್ತಗಳ ನಡುವಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ. 1974ರಲ್ಲಿ ಅಫಾರ್ ಪ್ರದೇಶದ ಹದಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಿಂದಿನ ಮಾನವ ಪೂರ್ವಜೆ ಲೂಸಿಯ ಪಳೆಯುಳಿಕೆ ಇರುವುದು ಇಲ್ಲಿ. ಅವರ ಬಾಯಲ್ಲಿ ಆಕೆ ‘ದಿಂಕಿನೆಶ್’. ಗಾಜಿನ ಹಿಂದೆ ಇರುವುದು ಪ್ರತಿಕೃತಿ, ಮೂಳೆಗಳ ಮೂಲ ಭದ್ರ ಕೋಣೆಯಲ್ಲಿ. ಆದರೂ ಮೂರೂವರೆ ಅಡಿ ಎತ್ತರದ ಆ ನಿಂತ ಅಸ್ಥಿಪಂಜರದ ಮುಂದೆ ಹತ್ತು ನಿಮಿಷ ನಿಲ್ಲದೆ ಬರಬೇಡಿ. ಅಲ್ಲಿಂದ ಉತ್ತರಕ್ಕೆ ಏರುದಾರಿಯಲ್ಲಿ ನಿಧಾನವಾಗಿ ನಡೆದರೆ ಸಿದಿಸ್ತ್ ಕಿಲೋದ ವಿಶ್ವವಿದ್ಯಾಲಯ. ಅದರ ಆವರಣದಲ್ಲಿರುವ ಹೈಲೆ ಸೆಲಾಸಿ ಚಕ್ರವರ್ತಿಯ ಹಳೆಯ ಅರಮನೆಯೇ ಈಗ ಜನಾಂಗೀಯ ಸಂಗ್ರಹಾಲಯ. ನನ್ನ ಮಟ್ಟಿಗೆ ಊರಿನಲ್ಲಿ ಇದಕ್ಕಿಂತ ಚೆನ್ನಾಗಿ ಜೋಡಿಸಿದ ಸಂಗ್ರಹ ಇಲ್ಲ. ಎರಡನೇ ದಿನ ಚಕ್ರವರ್ತಿಯ ಸಮಾಧಿ ಇರುವ ಹೋಲಿ ಟ್ರಿನಿಟಿ ಚರ್ಚ್, ಪಿಯಾಸಾ ಎಂಬ ಹಳೆಯ ಬಡಾವಣೆಯ ಎಂಟು ಮೂಲೆಯ ಸೇಂಟ್ ಜಾರ್ಜ್ ಚರ್ಚ್, ಹತ್ತಿರದಲ್ಲೇ 1896ರಲ್ಲಿ ಇಟಲಿಯನ್ನು ಸೋಲಿಸಿದ ಆದ್ವಾ ಯುದ್ಧದ ಸ್ಮಾರಕ. ಚರ್ಚಿನೊಳಗೆ ಚಪ್ಪಲಿ ಬಿಡಬೇಕು, ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು. ಮೂರನೇ ದಿನ ಬೆಳಗ್ಗೆ 3,000 ಮೀಟರ್ ದಾಟುವ ಎಂಟೊಟೊ ಬೆಟ್ಟಕ್ಕೆ ಕಾರಿನಲ್ಲಿ ಹತ್ತಿ, ನೀಲಗಿರಿ ತೋಪಿನೊಳಗೆ ಇಳಿಯುತ್ತಾ ನಡೆಯಿರಿ. ಮೆರ್ಕಾಟೊ ಮಾರುಕಟ್ಟೆಗೆ ಊರು ಬಲ್ಲವರ ಜೊತೆ ಮಾತ್ರ. ಮೈಮೇಲೆ ಏನೋ ಚೆಲ್ಲಿ, ಒರೆಸುವ ನೆಪದಲ್ಲಿ ಜೇಬಿಗೆ ಕೈ ಹಾಕುವ ಉಪಾಯ ಅಲ್ಲಿ ಹಳೆಯದು. ಅರಮನೆ, ಸೈನ್ಯ, ಸರ್ಕಾರಿ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ.

ನೀಲಿ-ಬಿಳಿ ಮಿನಿಬಸ್ ಅಗ್ಗ. ಬಾಗಿಲಲ್ಲಿ ನೇತಾಡುವ ಹುಡುಗ ‘ಬೋಲೆ ಬೋಲೆ, ಪಿಯಾಸಾ ಪಿಯಾಸಾ’ ಎಂದು ಕೂಗುತ್ತಾನೆ. ಇಳಿಯಬೇಕಾದಾಗ ಗಟ್ಟಿಯಾಗಿ ‘ವರಾಜ್ ಆಲೆ’ ಎನ್ನಿ, ಇಳಿಯುವವರಿದ್ದಾರೆ ಎಂದು. ಚಿಲ್ಲರೆ ಇಟ್ಟುಕೊಂಡಿರಿ. ವಿಳಾಸಕ್ಕೆ ಬೀದಿಯ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ, ಹತ್ತಿರದ ವೃತ್ತ ಅಥವಾ ಚರ್ಚಿನ ಹೆಸರು ಹೇಳಿ.

ಕಾಫಿಗೆ ಒಂದು ಗಂಟೆ ಬಿಡುವಿರಲಿ. ಹಸಿ ಬೀಜ ತೊಳೆದು, ಎದುರಿಗೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಮೂಗಿನ ಹತ್ತಿರ ತರುತ್ತಾರೆ. ಕೈಯಿಂದ ಹೊಗೆಯನ್ನು ತಮ್ಮತ್ತ ಎಳೆದುಕೊಳ್ಳುವುದೇ ಮರ್ಯಾದೆ. ಕುಟ್ಟಿದ ಪುಡಿ ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಯುತ್ತದೆ. ಅದೇ ಪುಡಿಗೆ ಮತ್ತೆ ಮತ್ತೆ ನೀರು ಹಾಕಿ ಮೂರು ಸುತ್ತು: ಅಬೋಲ್, ತೋನಾ, ಬರೆಕಾ. ಮೂರನೆಯದಕ್ಕೆ ಆಶೀರ್ವಾದ ಎಂದರ್ಥ. ಮೊದಲ ಕಪ್ಪಿಗೇ ಎದ್ದರೆ ಮನೆಯವರಿಗೆ ನೋವಾಗುತ್ತದೆ.

ವಾಪಸು ಬರುವ ವಿಮಾನ ರಾತ್ರಿಯದಾದರೆ ಗಡಿಯಾರದ ಮಾತು ಮತ್ತೆ ಬೇಕಾಗುತ್ತದೆ. ಟಿಕೆಟ್‌ನಲ್ಲಿರುವುದು ನಮ್ಮ ಲೆಕ್ಕದ ಗಂಟೆ, ಟ್ಯಾಕ್ಸಿಯವನದು ಅವನ ಲೆಕ್ಕ. 11ರ ವಿಮಾನಕ್ಕೆ 8ಕ್ಕೆ ಬೋಲೆ ತಲುಪಲು ಹೋಟೆಲಿನಿಂದ 7ಕ್ಕೆ ಹೊರಡಬೇಕು: ‘ಮಿಶಿತ್ ಆಂದ್ ಸಆತ್’, ಸಂಜೆ ಒಂದು ಗಂಟೆ ಎಂದು ಹೇಳಿ, ಅದನ್ನು ಅವನ ಬಾಯಿಂದಲೂ ಒಮ್ಮೆ ಹೇಳಿಸಿ.