ಸೆಲ್ಫ್ ಹೆಲ್ಪ್ ಪುಸ್ತಕಾನ ನಾನೀಗ ಹೀಗೆ ಓದ್ತೀನಿ

2023ರ ಅಕ್ಟೋಬರಲ್ಲಿ ಬೆಂಗಳೂರು ಮೆಟ್ರೋದ ಪರ್ಪಲ್ ಲೈನ್ ಪೂರ್ತಿ ಓಪನ್ ಆದ್ಮೇಲೆ ಕೆಂಗೇರಿಯಲ್ಲಿ ಹತ್ತಿದ್ರೆ ವೈಟ್‌ಫೀಲ್ಡ್ ತನಕ ಒಂದೇ ಟ್ರೈನು, ಹೋಗ್ತಾ ಒಂದು ಗಂಟೆ ಮೇಲೆ, ಬರ್ತಾ ಅಷ್ಟೇ, ಹಾಗಾಗಿ ಓದೋಕೆ ಟೈಮ್ ಸಿಕ್ತು. ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡು ಒಂದೇ ವರ್ಷದಲ್ಲಿ ಏಳೆಂಟು ಸೆಲ್ಫ್ ಹೆಲ್ಪ್ ಪುಸ್ತಕ ಮುಗಿಸಿದೆ. ಎರಡು ದಿನ ಉತ್ಸಾಹ, ಮೂರನೇ ದಿನ ಮತ್ತೆ ಅದೇ ಹಳೇ ನಾನು.

ಆಫೀಸಲ್ಲಿ ಒಬ್ರು "ಇವೆಲ್ಲಾ ಎರಡು ಪೇಜಿನ ವಿಷಯ, ಇನ್ನೂರು ಪೇಜು ಎಳೀತಾರೆ" ಅಂತಾರೆ. ಅರ್ಧ ಒಪ್ತೀನಿ, ಆದ್ರೆ ಆ ಎರಡು ಪೇಜನ್ನೂ ನಾನು ಮಾಡಿ ನೋಡಿರ್ಲಿಲ್ವಲ್ಲ.

ಆಮೇಲೆ ಜೇಮ್ಸ್ ಕ್ಲಿಯರ್ ಅವರ ಅಟಾಮಿಕ್ ಹ್ಯಾಬಿಟ್ಸ್ ಮತ್ತೆ ತೆಗೆದೆ, 2018ರದ್ದು. ಅದರಲ್ಲಿ ನಾಲ್ಕು ಸೂತ್ರ ಇವೆ, ನಾನು ತಗೊಂಡಿದ್ದು ಒಂದೇ ಮಾತು, ಬಿಡಬೇಕಾದ ಅಭ್ಯಾಸ ಕೈಗೆ ಸುಲಭವಾಗಿ ಸಿಗದ ಹಾಗೆ ಮಾಡೋದು. ರಾತ್ರಿ ಫೋನ್ ನೋಡೋದು ನನ್ನ ಕಷ್ಟ. ಚಾರ್ಜರನ್ನ ಹಾಸಿಗೆ ಪಕ್ಕದಿಂದ ತೆಗೆದು ಅಡುಗೆಮನೇಲಿ ಮಿಕ್ಸಿ ಹತ್ರ ಇಟ್ಟೆ, ಅಲಾರಂಗೆ ಒಂದು ಸಾದಾ ಗಡಿಯಾರ ತಂದೆ. ಮೊದಲನೇ ವಾರ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿದೀನಿ, ಮೂರನೇ ವಾರದ ಹೊತ್ತಿಗೆ ಹನ್ನೊಂದಕ್ಕೆಲ್ಲ ನಿದ್ದೆ ಬರ್ತಿತ್ತು. ಪುಸ್ತಕದ ಕೊನೇ ಖಾಲಿ ಪುಟದಲ್ಲಿ ಪೆನ್ಸಿಲಲ್ಲಿ ಏನು ಮಾಡ್ತೀನಿ, ಯಾವತ್ತಿಂದ ಅಂತ ಬರೆದಿಟ್ಟೆ. ಅವತ್ತಿಂದ ಇದೇ ನನ್ನ ನಿಯಮ, ಒಂದು ಪುಸ್ತಕಕ್ಕೆ ಒಂದೇ ಕೆಲಸ, ಮೂವತ್ತು ದಿನ ಆಗೋ ತನಕ ಇನ್ನೊಂದು ಸೆಲ್ಫ್ ಹೆಲ್ಪ್ ಮುಟ್ಟೋ ಹಾಗಿಲ್ಲ.

ಡೇಲ್ ಕಾರ್ನೆಗಿ 1936ರಲ್ಲೇ ಬರೆದ ಪುಸ್ತಕದಿಂದ ಜನರ ಹೆಸರು ನೆನಪಿಟ್ಟು ಕರೆಯೋದನ್ನ ತಗೊಂಡೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಗುಡಿಸೋ ಅಕ್ಕನ ಹೆಸರು ಎರಡು ವರ್ಷದಿಂದ ಗೊತ್ತಿರ್ಲಿಲ್ಲ, ಕೇಳ್ದೆ, ಈಗ ಅವರು ಊರಿಂದ ಬಂದಾಗ ನಮ್ಮನೆಗೆ ಅಂತ ಅವರೆಕಾಯಿ ಎತ್ತಿಟ್ಟಿರ್ತಾರೆ. ಆದ್ರೆ ವಾದವನ್ನೇ ತಪ್ಪಿಸಿ ಅನ್ನೋ ಕಾರ್ನೆಗಿ ಸಲಹೆ ನಂಗೆ ಒಪ್ಪಲ್ಲ, ಕಣ್ಣೆದುರಿಗೆ ತಪ್ಪು ಲೆಕ್ಕ ಇದ್ರೆ ಹೇಳ್ಲೇಬೇಕು.

ಬೆಳಗ್ಗೆ ಐದಕ್ಕೆ ಎದ್ದು ಧ್ಯಾನ, ವ್ಯಾಯಾಮ ಮಾಡಿ ಅನ್ನೋ ಪುಸ್ತಕಗಳಂತೂ ಬಿಟ್ಟೇಬಿಟ್ಟೆ. ಎರಡು ವಾರ ನೋಡಿದೆ, ತಲೆನೋವು. ಆ ಹೊತ್ತಲ್ಲಿ ಮಗನ ಡಬ್ಬಿ ಯಾರು ಕಟ್ಟಬೇಕು ಅಂತ ಒಂದು ಸಾಲೂ ಇಲ್ಲ ಅದರಲ್ಲಿ, ಬೇರೆಯವರು ಅಡುಗೆ ಮಾಡಿಡೋ ಮನೆಯವರಿಗೆ ಬರೆದ ಹಾಗಿದೆ, ಇದು ನಂಗೆ ನಿಜವಾಗ್ಲೂ ಬೇಜಾರು ತಂದ ವಿಷಯ.

ಅಮ್ಮನ ಓದು ಬೇರೆ. ಡಿವಿಜಿಯವರ ಮಂಕುತಿಮ್ಮನ ಕಗ್ಗ, 1943ರದ್ದು, 945 ಪದ್ಯ. ಅಮ್ಮ ಒಂದು ಪದ್ಯ ಹಿಡಿದ್ರೆ ವಾರಗಟ್ಟಲೆ ಅದನ್ನೇ ಹೇಳ್ಕೊಂಡು ಓಡಾಡ್ತಾರೆ. "ಮುಂದಿಂದು ಯಾವಾಗಮ್ಮಾ?" ಅಂದ್ರೆ "ಇದು ಇನ್ನೂ ಒಳಗೆ ಇಳೀಲಿಲ್ಲ ಕಣೇ" ಅಂತಾರೆ.

ಮಧ್ಯೆ ಮಧ್ಯೆ ಎರಡು ಕಥೆ ಕಾದಂಬರಿ ಬೇಕೇ ಬೇಕು ನಂಗೆ. ಹೀಗೆ ಮಾಡಿ ಅಂತ ಸೆಲ್ಫ್ ಹೆಲ್ಪ್ ಹೇಳಿಬಿಡತ್ತೆ, ಮನುಷ್ಯರಿಗೆ ಅದು ಯಾಕೆ ಆಗಲ್ಲ ಅಂತ ಗೊತ್ತಾಗೋದು ನಂಗೆ ಕಥೆ ಓದಿದಾಗ್ಲೇ. ಈಗ ಬ್ಯಾಗಲ್ಲಿ ದುಡ್ಡು ಉಳಿಸೋ ಬಗ್ಗೆ ಒಂದು ಪುಸ್ತಕ ಇದೆ, ಕೊನೇ ಪುಟದಲ್ಲಿ "ದಿನದ ಖರ್ಚು ಬರೆಯೋದು, 1ನೇ ತಾರೀಖಿಂದ" ಅಂತಿದೆ, ಮೂರನೇ ವಾರ ನಡೀತಿದೆ.